ಏಳು ಸಲ ಗೆದ್ದವರಿಗೆ ಏಳು ಸಾಲು

2023ರ ನವೆಂಬರ್ 1ಕ್ಕೆ ಮೈಸೂರು ರಾಜ್ಯ ‘ಕರ್ನಾಟಕ’ವಾಗಿ 50 ವರ್ಷ ತುಂಬಿತು. ಸರ್ಕಾರ ಅದನ್ನು ‘ಕರ್ನಾಟಕ ಸಂಭ್ರಮ–50’ ಅಂತ ಆಚರಿಸಿತು. ನಮ್ಮ ಪಂಚಾಯಿತಿ ಮುಂದೆಯೂ ಬಾವುಟ ಏರಿತು, ಮಕ್ಕಳು ನಾಡಗೀತೆ ಹಾಡಿದರು, ಬೂಂದಿ ಹಂಚಿದ್ದಾಯಿತು. ಜನ ಇನ್ನೇನು ಎದ್ದು ಹೊರಡಬೇಕು ಅನ್ನುವಾಗ ನಮ್ಮೂರ ನಿವೃತ್ತ ಮೇಷ್ಟ್ರು ಮೈಕ್ ಹಿಡಿದು, ‘ಈ ಹೆಸರು ಬಂದಾಗ ವಿಧಾನಸಭೆ ಸ್ಪೀಕರ್ ಯಾರಾಗಿದ್ರು, ಹೇಳಿ ನೋಡವ’ ಅಂದರು. ಹೈಸ್ಕೂಲ್ ಹುಡುಗರು ದೇವರಾಜ ಅರಸು ಅಂದರು. ಅರಸು ಮುಖ್ಯಮಂತ್ರಿ. ಪಂಚಾಯಿತಿ ಮೆಂಬರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ಪೀಕರ್ ಆಗಿದ್ದವರು ಕೆ.ಎಸ್. ನಾಗರತ್ನಮ್ಮ. ನಮ್ಮದೇ ಗುಂಡ್ಲುಪೇಟೆ ಕ್ಷೇತ್ರದಿಂದ ಏಳು ಸಲ ಗೆದ್ದ ಶಾಸಕಿ.

ನಾನು ಈ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ಅಂದರೆ ಮೊದಲಿನ ಪಂಚಾಯಿತಿ ಲೈಬ್ರರಿಯಲ್ಲಿ, ಮೇಲ್ವಿಚಾರಕಿ. ಊರವರ ಬಾಯಲ್ಲಿ ಲೈಬ್ರರಿ ಅಕ್ಕ. ಆ ಸಂಜೆಯೇ ಮೇಷ್ಟ್ರು ಬಂದು ಬೆಂಚಿನ ಮೇಲೆ ಕೂತು, ‘ಕೂಸೇ, ರೋಡ್ ಪಕ್ಕ ಒಂದ್ ಕಲ್ಲು ನಿಲ್ಸವ. ಹೆಸರು, ಇಸವಿ, ಏನ್ ಮಾಡಿದ್ರು ಅಂತ. ಓದಕ್ಕ ಬಂದೋರು ಓದ್ಕಳ್ಳಿ’ ಅಂದರು. ಕಾಗದ ಪತ್ರದ ಕೆಲಸ ಎಲ್ಲ ನಿನ್ನದು ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾದ್ದೂ ಇರಲಿಲ್ಲ.

ಮೈಸೂರಿಂದ ಗುಂಡ್ಲುಪೇಟೆ ದಾಟಿ ವಯನಾಡಿಗೆ ಹೋಗುವ ಹೆದ್ದಾರಿ ನಮ್ಮ ಪಂಚಾಯಿತಿಯ ಎದೆ ಮೇಲೇ ಹಾದುಹೋಗುತ್ತದೆ. ಚೆಂಡು ಹೂವು, ಸೂರ್ಯಕಾಂತಿ ಅರಳುವ ಕಾಲಕ್ಕೆ ಕಾರುಗಳು ಸಾಲಾಗಿ ನಿಲ್ಲುತ್ತವೆ. ಹೊಲಕ್ಕೆ ಇಳಿದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬಂಡೀಪುರದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್ ಇರುವುದರಿಂದ, ಬೆಳಗಿನ ಹೊತ್ತು ಗೇಟು ತೆಗೆಯುವುದನ್ನೇ ಕಾದು ಇಲ್ಲೇ ಟೀ ಕುಡಿಯುತ್ತಾ ನಿಲ್ಲುವವರೂ ಉಂಟು. ಓದುವವರು ಸಿಕ್ಕೇ ಸಿಗುತ್ತಾರೆ ಅನ್ನುವುದು ಮೇಷ್ಟ್ರ ಲೆಕ್ಕ.

ಮೊದಲ ಹೆಜ್ಜೆ ಪಂಚಾಯಿತಿ ಸಭೆ. ಅದು ಸಲೀಸಾಗಿ ಆಯಿತು. ನಮ್ಮ ಅಧ್ಯಕ್ಷೆಗೆ ಮೂವತ್ತು ದಾಟಿರಬಹುದು, ಮಹಿಳಾ ಮೀಸಲಿನಲ್ಲಿ ಬಂದವರು. ಗಂಡನನ್ನು ಸಭೆಗೆ ಕರೆತರದೇ ತಾವೇ ನಡೆಸುವವರು. ವಿಷಯ ಓದಿದ ಮೇಲೆ ಕೇಳಿದ್ದು ಒಂದೇ ಪ್ರಶ್ನೆ: ‘ಅವರ ಸೀಟೂ ರಿಸರ್ವೇಶನ್ನಾ ಸಾ?’ ಇಲ್ಲಮ್ಮ, 1957ರಲ್ಲಿ ಹೆಂಗಸರಿಗೆ ಮೀಸಲು ಅನ್ನುವ ಮಾತೇ ಇರಲಿಲ್ಲ, ವಿಧಾನಸಭೆಗೆ ಹೋದವರೆಲ್ಲ ಗಂಡಸರ ಜೊತೆ ನಿಂತು ಗೆದ್ದೇ ಹೋದದ್ದು ಅಂತ ಮೇಷ್ಟ್ರು ಹೇಳಿದರು. ಅಧ್ಯಕ್ಷೆ ‘ಏಳ್ ಸಲವೂ?’ ಅಂದರು. ಏಳು ಸಲವೂ. ನಡಾವಳಿ ಪುಸ್ತಕದಲ್ಲಿ ‘ಸರ್ವಾನುಮತದಿಂದ ಒಪ್ಪಲಾಯಿತು’ ಅಂತ ಬಿತ್ತು. ಪಂಚಾಯಿತಿ ದುಡ್ಡು ಮುಟ್ಟುವುದಿಲ್ಲ, ಊರವರೇ ಎತ್ತಿಕೊಳ್ಳುವುದು ಅಂತಲೂ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಸೇರಿಸಿದರು. ಆಡಿಟ್ಟಿನವರಿಗೆ ಉತ್ತರ ಕೊಡಬೇಕಾದವರು ಅವರು, ತಪ್ಪೇನಿಲ್ಲ.

ಜಾಗದ ವಿಷಯಕ್ಕೆ ಬಂದಾಗ ಗಾಡಿ ನಿಂತಿತು. ಹೆದ್ದಾರಿ ಅಂಚಿನಲ್ಲಿ, ಬಸ್ ಸ್ಟಾಪಿನ ಪಕ್ಕ, ಹುಣಸೆ ಮರದ ಕೆಳಗೆ ಅಂತ ನಾವು ಮೊದಲೇ ಮನಸ್ಸಿನಲ್ಲಿ ಕಲ್ಲು ನೆಟ್ಟುಬಿಟ್ಟಿದ್ದೆವು. ಹೆದ್ದಾರಿ ನೋಡಿಕೊಳ್ಳುವ ಎಂಜಿನಿಯರ್ ಹತ್ತಿರ ಅರ್ಜಿ ಹಿಡಿದು ಹೋದರೆ ಅವರು ಓದಿ ಮಡಚಿ ವಾಪಸ್ ಕೊಟ್ಟರು. ಒರಟಾಗಿಯಲ್ಲ, ಕೂರಿಸಿ ವಿವರಿಸಿಯೇ. 2013ರ ಜನವರಿ 18ರಂದು ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿದೆ: ಸಾರ್ವಜನಿಕ ರಸ್ತೆ, ಪಾದಚಾರಿ ದಾರಿ, ರಸ್ತೆಯ ಮಗ್ಗುಲಲ್ಲಿ ಪ್ರತಿಮೆಗಾಗಲಿ ಕಟ್ಟಡಕ್ಕಾಗಲಿ ರಾಜ್ಯ ಸರ್ಕಾರಗಳು ಅನುಮತಿ ಕೊಡಕೂಡದು. ಬೀದಿ ದೀಪ, ಹೈಮಾಸ್ಟ್, ಸಂಚಾರಕ್ಕೆ ಬೇಕಾದ್ದು, ಇಂಥವಕ್ಕೆ ವಿನಾಯಿತಿ. ಅದರ ಮೇಲೆ ರಾಷ್ಟ್ರೀಯ ಹೆದ್ದಾರಿಯ ಜಮೀನಿಗೆ 2002ರ ಕಾಯ್ದೆಯೇ ಬೇರೆ ಇದೆ, ಒಪ್ಪಿಗೆ ಇಲ್ಲದೆ ಒಂದು ಗೂಟ ಹೊಡೆದರೂ ಒತ್ತುವರಿ. ‘ಪ್ರತಿಮೆ ಅಲ್ಲ ಸಾರ್, ಬರೀ ಕಲ್ಲು’ ಅಂದೆ. ‘ಇವತ್ತು ಬರೀ ಕಲ್ಲು ಅಂತೀರ, ನಾಳೆ ಅದಕ್ಕೆ ಕಟ್ಟೆ, ನಾಡಿದ್ದು ಮಂಟಪ. ಈ ರಸ್ತೇಲಿ ಎಷ್ಟು ನೋಡಿಲ್ಲ ನಾನು’ ಅಂದರು. ನಾನೂ ನೋಡಿದ್ದೇನೆ. ವಾದಿಸಲಿಲ್ಲ.

ಆಮೇಲೆ ಶಾಲೆ ಕಾಂಪೌಂಡ್ ಅಂತ ಮಾತು ಬಂತು. ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿ ಒಪ್ಪಿತು, ಆದರೆ ಮೇಲಿನ ಒಪ್ಪಿಗೆ ಬರಬೇಕಿದ್ದ ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗಿ ತಿರುಗಿ ಮೊದಲಿನ ಮೇಜಿಗೇ ಬಂತು. ಅಷ್ಟರಲ್ಲಿ ಅಧ್ಯಕ್ಷೆಯೇ, ‘ಅಕ್ಕ, ನಿಮ್ ಲೈಬ್ರರಿ ಅಂಗಳ ಯಾರದ್ದು?’ ಅಂದರು. ಪಂಚಾಯಿತಿಯದ್ದು. ಆಸ್ತಿ ದಾಖಲೆಯ ಇ-ಸ್ವತ್ತಿನಲ್ಲಿ ಪಂಚಾಯಿತಿ ಹೆಸರಿಗೇ ಇದೆ. ಹೆದ್ದಾರಿಯಿಂದ ಊರೊಳಕ್ಕೆ ತಿರುಗುವ ರಸ್ತೆಯ ಬಾಯಲ್ಲಿ, ಎದುರಿಗೆ ಟೀ ಅಂಗಡಿ. ಕಣ್ಣೆದುರಿಗಿದ್ದ ಜಾಗ ಬಿಟ್ಟು ಊರೆಲ್ಲ ಸುತ್ತಿದ್ದೆವು.

ಈಗ ಬರಹ. ನಿಜ ಹೇಳಬೇಕೆಂದರೆ ಈ ಇಡೀ ಕೆಲಸದಲ್ಲಿ ಹೊತ್ತು ತಿಂದದ್ದು ಕಲ್ಲಲ್ಲ, ಜಾಗ ಅಲ್ಲ, ಈ ಏಳು ಸಾಲು.

ನಾನು ಮೊದಲು ಒಂದು ನಿಯಮ ಹಾಕಿದೆ, ಮೇಷ್ಟ್ರು ಹೂಂ ಅಂದರು: ಕಾಗದದಲ್ಲಿ ಸಿಕ್ಕಿದ್ದು ಮಾತ್ರ ಕಲ್ಲಿಗೆ. ಬಾಯಲ್ಲಿ ಬಂದದ್ದನ್ನು ಬೇರೆ ನೋಟ್ ಪುಸ್ತಕದಲ್ಲಿ ಬರೆದಿಡುವುದು, ಅದು ಲೈಬ್ರರಿಯಲ್ಲಿ ಇರಲಿ. ಚುನಾವಣಾ ಆಯೋಗ ಪ್ರತಿ ಚುನಾವಣೆಯ ಅಂಕಿಅಂಶದ ವರದಿಯನ್ನು ವೆಬ್‌ಸೈಟಿನಲ್ಲಿ ಹಾಕಿದೆ. ಒಂದೊಂದನ್ನೇ ಇಳಿಸಿಕೊಂಡು, ಗುಂಡ್ಲುಪೇಟೆ ಪುಟ ತೆಗೆದು, ಮುದ್ರಿಸಿ, ದಾರ ಕಟ್ಟಿ ಇಟ್ಟೆ. ಹೆಸರಿನ ಇಂಗ್ಲಿಷ್ ಸ್ಪೆಲಿಂಗ್ ಒಂದೊಂದು ಕಡೆ ಒಂದೊಂದು ಥರ. ಆದರೆ ಇಸವಿಗಳಲ್ಲಿ ಗೊಂದಲ ಇಲ್ಲ: 1957, 1962, 1967, 1972. ನಡುವೆ 1978ರಲ್ಲಿ ಗೆದ್ದವರು ಬೇರೆಯವರು. ಮತ್ತೆ 1983, 1985, 1989. ವಿಧಾನಸಭೆಯ ಸಚಿವಾಲಯಕ್ಕೆ ಮಾಹಿತಿ ಹಕ್ಕಿನಲ್ಲೂ ಒಂದು ಅರ್ಜಿ ಹಾಕಿದೆ, 10 ರೂಪಾಯಿ ಪೋಸ್ಟಲ್ ಆರ್ಡರ್ ಅಂಟಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಇರಬೇಕು, 150 ಪದ ಮೀರಬಾರದು. ಕಲ್ಲಿಗೆ ಬರೆಯುವವರಿಗೆ ಒಳ್ಳೆಯ ಅಭ್ಯಾಸ ಅದು.

1957ರ ಚುನಾವಣೆ ಅಂದರೆ 1956ರಲ್ಲಿ ಕನ್ನಡ ಪ್ರದೇಶಗಳು ಒಂದಾದ ಮೇಲೆ ನಡೆದ ಮೊದಲ ಚುನಾವಣೆ. 208 ಸ್ಥಾನಗಳ ಸಭೆ. ಅಂದರೆ ಒಂದಾದ ರಾಜ್ಯದ ಮೊದಲ ವಿಧಾನಸಭೆಗೇ ಈ ಕಾಡಂಚಿನ ಕ್ಷೇತ್ರದಿಂದ ಒಬ್ಬ ಹೆಣ್ಣುಮಗಳು ಹೋಗಿ ಕೂತಿದ್ದರು. 1972ರಲ್ಲಿ ಅವರು ಸ್ಪೀಕರ್ ಪೀಠ ಏರಿದಾಗ ಎದುರಿಗಿದ್ದವರನ್ನು ನೆನೆಸಿಕೊಳ್ಳಿ. ಮುಖ್ಯಮಂತ್ರಿ ಸ್ಥಾನದಲ್ಲಿ ದೇವರಾಜ ಅರಸು, ವಿರೋಧ ಪಕ್ಷದ ಸಾಲಿನಲ್ಲಿ ಎಚ್.ಡಿ. ದೇವೇಗೌಡ, ಅದೇ ವರ್ಷ ಮೊದಲ ಸಲ ಗೆದ್ದು ಬಂದ ಮಲ್ಲಿಕಾರ್ಜುನ ಖರ್ಗೆ, ಧರ್ಮಸಿಂಗ್, ವೀರಪ್ಪ ಮೊಯ್ಲಿ. ಮುಂದೆ ಮುಖ್ಯಮಂತ್ರಿ, ಪ್ರಧಾನಿ ಆಗುವವರೆಲ್ಲ ಮಾತಾಡಬೇಕಾದರೆ ಇವರ ಅಪ್ಪಣೆ ಬೇಕಿತ್ತು. ಭೂಸುಧಾರಣೆಯ ದೊಡ್ಡ ತಿದ್ದುಪಡಿ ಇವರ ಕಾಲದಲ್ಲೇ ಸದನದಲ್ಲಿ ಚರ್ಚೆಯಾಗಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ತುರ್ತು ಪರಿಸ್ಥಿತಿಯ ಕಾಲವನ್ನೂ ಅವರು ಅದೇ ಪೀಠದಲ್ಲಿ ಕಳೆದರು. ಅವರಾದ ಮೇಲೆ ಇಲ್ಲಿಯವರೆಗೆ ಆ ಪೀಠದಲ್ಲಿ ಇನ್ನೊಬ್ಬ ಮಹಿಳೆ ಕೂತಿಲ್ಲ. ಇದನ್ನು ಓದಿದಾಗ ನಮ್ಮ ಅಧ್ಯಕ್ಷೆ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು.

ಬರಹವನ್ನು ಊರವರಿಗೆ ಓದಿ ಹೇಳಿದ ದಿನ ಲೈಬ್ರರಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಪೇಪರ್ ಓದಲು ಬರದವರೂ ಅವತ್ತು ಬಂದಿದ್ದರು.

ಮೊದಲ ಜಗಳ ‘ನಿರಂತರ’ ಅನ್ನುವ ಪದದ್ದು. ‘1957ರಿಂದ ನಿರಂತರವಾಗಿ’ ಅಂತ ಹಾಕಿ ಅಂದರು ಹಿರಿಯರೊಬ್ಬರು. 1978 ಇದೆಯಲ್ಲ ಅಂದೆ. ‘ಒಂದ್ ಸಲ ತಾನೇ, ಬುಡು ಕೂಸೇ. ಏಳ್ರಲ್ಲಿ ಒಂದು ಕಾಣದಾ?’ ಇದು ಏಳರಲ್ಲಿ ಒಂದಲ್ಲ ಅಜ್ಜ, ಎಂಟರಲ್ಲಿ ಒಂದು ಅಂದೆ. ಆ ಐದು ವರ್ಷ ಮುಚ್ಚಿದರೆ 1983ರಲ್ಲಿ ಮತ್ತೆ ಗೆದ್ದು ಬಂದದ್ದೂ ಮುಚ್ಚಿಹೋಗುತ್ತದೆ. ಅದನ್ನು ಹೀಗೆ ಹೇಳಿದ ಮೇಲೆ ಅಜ್ಜನಿಗೂ ಸರಿ ಅನ್ನಿಸಿತು. ಏಳು ಇಸವಿಗಳನ್ನೂ ಒಂದೇ ಸಾಲಿನಲ್ಲಿ ಬಿಡಿಬಿಡಿಯಾಗಿ ಹಾಕುವುದು, ಲೆಕ್ಕ ಹಾಕುವವರು ಹಾಕಿಕೊಳ್ಳಲಿ ಅಂತ ತೀರ್ಮಾನವಾಯಿತು.

ಎರಡನೆಯದು ವಾಟ್ಸ್ಆ್ಯಪ್‌ನಿಂದ ಬಂತು. ಯಾರೋ ಹುಡುಗ ‘ದೇಶದ ಮೊದಲ ಮಹಿಳಾ ಸ್ಪೀಕರ್’ ಅನ್ನುವ ಫಾರ್ವರ್ಡ್ ತೋರಿಸಿದ. ಅಲ್ಲ. ಹರಿಯಾಣದಲ್ಲಿ ಶನ್ನೋ ದೇವಿ 1966ರಲ್ಲೇ ವಿಧಾನಸಭೆಯ ಸ್ಪೀಕರ್ ಆಗಿದ್ದರು. ನಮ್ಮವರು ನಮ್ಮ ರಾಜ್ಯಕ್ಕೆ ಮೊದಲಿಗರು. ಹುಡುಗನ ಮುಖ ಸ್ವಲ್ಪ ಬಾಡಿತು. ಊರಿನ ಅಭಿಮಾನಕ್ಕೆ ಯಾವಾಗಲೂ ಒಂದು ಗೇಣು ಜಾಸ್ತಿಯೇ ಬೇಕು.

ಮೂರನೆಯದು ನಿಜಕ್ಕೂ ಕಷ್ಟದ್ದು. ‘ಉಳುವವನೇ ಒಡೆಯ ಕಾನೂನು ತಂದವರು’ ಅಂತ ಬರೆಯಿರಿ ಅಂದರು ಗೇಣಿ ಜಮೀನು ಸಿಕ್ಕಿದ ಮನೆಯವರು. ಅವರ ಪಾಲಿಗೆ ಅದು ಅನ್ನದ ವಿಷಯ. ಮೇಷ್ಟ್ರು ತಾಳ್ಮೆಯಿಂದ ಹೇಳಿದರು: ಕಾನೂನು ತರುವುದು ಸರ್ಕಾರ, ಒಪ್ಪುವುದು ಸಭೆ. ಸ್ಪೀಕರ್ ಸಭೆ ನಡೆಸುವವರು, ಎರಡೂ ಕಡೆ ಮತ ಸಮ ಬಿದ್ದಾಗ ಮಾತ್ರ ಅವರ ಮತ. ‘ಹಂಗಾದ್ರ ಅವರು ಮಾಡಿದ್ದೇನು ಸಾ?’ ಅಂದ ಒಬ್ಬ. ಅಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಸಭೆ ನಡೆಸುವುದೇ ಒಂದು ಕೆಲಸ ಅಂತ ಕಲ್ಲಿನ ಮೇಲೆ ಹೇಗೆ ಬರೆಯುವುದು? ಅಧ್ಯಕ್ಷೆಯೇ ಉತ್ತರ ಕೊಟ್ಟರು: ‘ಹದಿನೈದು ಮೆಂಬರನ್ನ ಕೂರ್ಸಿ ಒಂದ್ ಸಭೆ ಮಾಡಿ ನೋಡಣ್ಣ, ಗೊತ್ತಾಗುತ್ತ. ಅವ್ರು ಇನ್ನೂರ ಹದಿನಾರು ಜನನ್ನ ಕೂರ್ಸಿದ್ರು.’ 1972ರ ಸಭೆಯಲ್ಲಿ 216 ಸ್ಥಾನ. ಆ ಸಂಖ್ಯೆ ನನ್ನ ಕಾಗದದ ಕಟ್ಟಿನಲ್ಲಿ ಇತ್ತು, ಆಕೆ ಯಾವಾಗ ಓದಿದರೋ ಗೊತ್ತಿಲ್ಲ.

ಶಾಲೆ, ಬಾವಿ, ಬಸ್ಸು, ಕರೆಂಟು ಎಲ್ಲ ಅವರಿಂದಲೇ ಬಂತು ಅಂತ ಹೇಳುವವರೂ ಇದ್ದರು, ಅದು ಬೇರೆಯವರ ಕಾಲದ್ದು ಅನ್ನುವವರೂ ಇದ್ದರು. ಒಂದಕ್ಕೂ ಕಾಗದ ಸಿಗಲಿಲ್ಲ. ಹೇಳಿದವರ ವಯಸ್ಸು, ಮನೆ, ಹೇಳಿದ ಮಾತು ಎಲ್ಲ ನೋಟ್ ಪುಸ್ತಕಕ್ಕೆ ಹೋಯಿತು. ಕಲ್ಲಿಗೆ ಹೋಗಲಿಲ್ಲ.

ಆಮೇಲೆ ಹೆಸರುಗಳ ತೊಡಕು. ಅವರು ಶಾಸಕಿ ಆಗಿದ್ದಷ್ಟು ಕಾಲವೂ ನಮ್ಮ ತಾಲ್ಲೂಕು ಮೈಸೂರು ಜಿಲ್ಲೆಯಲ್ಲಿತ್ತು, ಚಾಮರಾಜನಗರ ಜಿಲ್ಲೆ ಆದದ್ದು 1997ರಲ್ಲಿ. ಮುಂದಿನ ಹೆದ್ದಾರಿಯ ನಂಬರ್ ಹಿಂದೊಮ್ಮೆ 212, ಈಗ 766. ಎಲ್ಲಕ್ಕಿಂತ ಮುಖ್ಯ, ಅವರು ಪೀಠ ಏರಿದ್ದು ಮೈಸೂರು ರಾಜ್ಯದ ವಿಧಾನಸಭೆಯಲ್ಲಿ, ಇಳಿದದ್ದು ಕರ್ನಾಟಕದ ವಿಧಾನಸಭೆಯಿಂದ. ‘ಕರ್ನಾಟಕ ವಿಧಾನಸಭೆಯ ಸ್ಪೀಕರ್, 1972–78’ ಅಂತ ಬರೆದರೆ ಮೊದಲ ಒಂದೂವರೆ ವರ್ಷಕ್ಕೆ ಸುಳ್ಳಾಗುತ್ತದೆ, ‘ಮೈಸೂರು’ ಅಂದರೆ ಉಳಿದದ್ದಕ್ಕೆ. ನಾನು ‘ರಾಜ್ಯ ವಿಧಾನಸಭೆ’ ಅಂತ ಹಾಕಿ ಜಾರಿಕೊಂಡೆ. ಮೇಷ್ಟ್ರು ಅದನ್ನು ಒಪ್ಪಿ, ಕೆಳಗೆ ಹೆಸರು ಬದಲಾದದ್ದನ್ನೇ ಒಂದು ಸಾಲು ಮಾಡಿದರು. ಎಲ್ಲರೂ ಮರೆತದ್ದು ಅದನ್ನೇ ಅಲ್ಲವೇ.

ಹುಟ್ಟಿದ ದಿನ, ತೀರಿಕೊಂಡ ದಿನ ಬೇಡ ಅಂದದ್ದು ಕಲ್ಲು ಕೆತ್ತುವವನು. ‘ಕರಿಕಲ್ಲಲ್ಲಿ ಎರಡು ತಾರೀಕು ಹಾಕುದ್ರ ಸಮಾಧಿ ಅನ್ಕೊತಾರೆ ಮೇಡಂ. ಹೂ ಹಾಕಿ ಕೈ ಮುಗ್ದು ಹೋಯ್ತಾರೆ, ಓದಲ್ಲ.’ ಅವನ ಮಾತಿನಲ್ಲಿ ಅನುಭವ ಇತ್ತು. ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಕರಿಕಲ್ಲು ಹೊರದೇಶಗಳಿಗೂ ಹೋಗುವ ಕಲ್ಲು. ಅವನ ಅಂಗಡಿಯಲ್ಲೂ ಹೆಚ್ಚಿನದು ಸಮಾಧಿ ಫಲಕ, ಗೃಹಪ್ರವೇಶದ ಹೆಸರು ಹಲಗೆ, ದೇವಸ್ಥಾನದ ದಾನಿಗಳ ಪಟ್ಟಿ.

ಅಂತೂ ನಿಂತ ಬರಹ ಇದು:

ಕೆ.ಎಸ್. ನಾಗರತ್ನಮ್ಮ
ಗುಂಡ್ಲುಪೇಟೆ ಕ್ಷೇತ್ರದಿಂದ ಏಳು ಸಲ ಶಾಸಕಿ
1957, 1962, 1967, 1972, 1983, 1985, 1989
ರಾಜ್ಯ ವಿಧಾನಸಭೆಯ ಸ್ಪೀಕರ್, 1972–1978
ಆ ಪೀಠದಲ್ಲಿ ಕೂತ ರಾಜ್ಯದ ಮೊದಲ ಮಹಿಳೆ
ಇವರ ಅವಧಿಯಲ್ಲಿ ಮೈಸೂರು ರಾಜ್ಯ ಕರ್ನಾಟಕವಾಯಿತು, 1–11–1973
ಗ್ರಾಮಸ್ಥರು ನಿಲ್ಲಿಸಿದ್ದು, 2024

‘ಶಾಸಕಿ’ ಹಿಂದೆ ‘ಜನಪ್ರಿಯ’, ‘ಧೀಮಂತ’, ‘ಬಡವರ ಬಂಧು’ ಒಂದೂ ಇಲ್ಲವಲ್ಲ ಅಂತ ಕೊರಗಿದವರಿದ್ದರು. ಏಳು ಇಸವಿ ಇದೆಯಲ್ಲ ಅಂದೆ.

ಬರಹ ದೂರದಿಂದ ಕಾಣಬೇಕಲ್ಲ. ಅದೇ ಅಳತೆಗೆ ಕಾಗದದಲ್ಲಿ ಮುದ್ರಿಸಿ ಲೈಬ್ರರಿ ಗೋಡೆಗೆ ಅಂಟಿಸಿದೆವು. ಆಟೊ ಓಡಿಸುವ ಹುಡುಗನಿಗೆ, ನಿಲ್ಲಿಸದೆ ಹೋಗು, ಎಷ್ಟು ಓದಕ್ಕೆ ಸಿಗುತ್ತೆ ಹೇಳು ಅಂದೆವು. ಹೋದ, ತಿರುಗಿ ಬಂದ. ‘ಹೆಸರು ಸಿಕ್ತು. ಆಮೇಲೆ ನಂಬರ್ ಸಿಕ್ತು. ಯಾವ್ದೋ ಫೋನ್ ನಂಬರ್ ಅನ್ಕಂಡೆ’ ಅಂದ. ಎಲ್ಲರೂ ನಕ್ಕರು, ಆದರೆ ಇಸವಿಗಳ ನಡುವೆ ಜಾಗ ಬಿಟ್ಟೆವು, ಹೆಸರನ್ನು ಎರಡರಷ್ಟು ದೊಡ್ಡದು ಮಾಡಿದೆವು. ಹೋಗುತ್ತಿರುವವನಿಗೆ ಹೆಸರು ಸಾಕು, ನಿಂತವನಿಗೆ ಉಳಿದದ್ದು.

ಕೆತ್ತನೆ ಅಂಗಡಿಯಲ್ಲಿ ನಾನು ನೋಡಿದ್ದನ್ನು ಹೇಳಲೇಬೇಕು. ಉಳಿ ಸುತ್ತಿಗೆಯ ಕಾಲ ಹೋಗಿದೆ. ಹೊಳಪು ಕೊಟ್ಟ ಕಲ್ಲಿನ ಮೇಲೆ ಅಂಟು ಹಾಳೆ ಹಾಸುತ್ತಾರೆ. ಕಂಪ್ಯೂಟರಿನಿಂದ ಆ ಹಾಳೆಯಲ್ಲಿ ಅಕ್ಷರ ಕತ್ತರಿಸಿರುತ್ತಾರೆ. ಅಕ್ಷರದ ಭಾಗವನ್ನು ಸೂಜಿಯಲ್ಲಿ ಎತ್ತಿ ತೆಗೆದು, ಕಂಪ್ರೆಸರ್ ಗಾಳಿಯಲ್ಲಿ ಮರಳು ಹೊಡೆಯುತ್ತಾರೆ. ಹಾಳೆ ಇದ್ದಲ್ಲಿ ಕಲ್ಲು ಉಳಿಯುತ್ತದೆ, ಇಲ್ಲದಲ್ಲಿ ಕೊರೆಯುತ್ತದೆ. ಇಂಗ್ಲಿಷಿನಲ್ಲಿ ಇದು ಸಲೀಸು. ಕನ್ನಡದ ‘ರ’ ತೆಗೆದುಕೊಳ್ಳಿ: ದುಂಡಗಿನ ಹೊಟ್ಟೆಯೊಳಗೆ ಒಂದು ಪುಟ್ಟ ಹಾಳೆ ಚೂರು ಕಲ್ಲಿಗೆ ಅಂಟಿಕೊಂಡೇ ಇರಬೇಕು. ಮರಳಿನ ಹೊಡೆತಕ್ಕೆ ಆ ಚೂರು ಹಾರಿದರೆ ‘ರ’ ಹೋಗಿ ಒಂದು ಗುಳಿ ಆಗುತ್ತದೆ. ನಾಗರತ್ನಮ್ಮ ಅನ್ನುವ ಹೆಸರಿನಲ್ಲಿ ಅಂಥ ಹೊಟ್ಟೆಗಳೂ ಇವೆ, ‘ತ್ನ’ ‘ಮ್ಮ’ ಅಂತ ಎರಡು ಒತ್ತುಗಳೂ ಇವೆ. ಅವನ ಹೆಂಡತಿ ಸ್ಟೂಲಿನ ಮೇಲೆ ಕೂತು ಒಂದೊಂದು ಚೂರನ್ನೂ ಬೆರಳ ತುದಿಯಲ್ಲಿ ಒತ್ತಿ ಒತ್ತಿ ಕೂರಿಸುತ್ತಿದ್ದರು. ಉಸಿರು ಬಿಟ್ಟರೆ ಹಾರುತ್ತದೇನೋ ಅನ್ನುವ ಹಾಗೆ ನಾನೂ ಉಸಿರು ಹಿಡಿದಿದ್ದೆ.

ಅದಕ್ಕೂ ಮೊದಲು ಇನ್ನೊಂದು ರಾಮಾಯಣ ಆಗಿತ್ತು. ಮೇಷ್ಟ್ರ ಪರಿಚಯದ ಡಿಟಿಪಿಯವರು ಬರಹವನ್ನು ಹಳೆಯ ನುಡಿ ಫಾಂಟಿನಲ್ಲಿ ಹೊಡೆದು ಕಳಿಸಿದ್ದರು. ಕೆತ್ತನೆಯವನ ಕಂಪ್ಯೂಟರಿನಲ್ಲಿ ಅದು ತೆರೆದಾಗ ಬಂದದ್ದು ಮೇಲೆ ಕೊಂಬು, ಕೆಳಗೆ ಚುಕ್ಕಿ ಇರುವ ಯಾವ ಲೋಕದ್ದೂ ಅಲ್ಲದ ಲಿಪಿ. ಅವನು ಪುಣ್ಯಾತ್ಮ, ಹಾಗೇ ಕತ್ತರಿಸದೆ ಫೋನ್ ಮಾಡಿದ. ನಾನು ಯೂನಿಕೋಡಿನಲ್ಲಿ ಮತ್ತೆ ಟೈಪ್ ಮಾಡಿ ಕಳಿಸಿದೆ. ಅದರಲ್ಲೂ ‘ಕರ್ನಾಟಕ’ದ ಅರ್ಕಾವತ್ತು ಒಂದು ಫಾಂಟಿನಲ್ಲಿ ಪಕ್ಕದ ಅಕ್ಷರದ ಮೇಲೇ ಹತ್ತಿ ಕೂತಿತ್ತು. ಫಾಂಟ್ ಬದಲಿಸಿದ ಮೇಲೆ ಇಳಿಯಿತು.

ದರದ ವಿಷಯದಲ್ಲಿ ಒಂದು ಸ್ವಾರಸ್ಯ. ಕಲ್ಲಿಗೆ ಒಂದು ದರ, ಬರಹಕ್ಕೆ ಅಕ್ಷರದ ಲೆಕ್ಕದಲ್ಲಿ ಇನ್ನೊಂದು. ‘ತ್ನ’ ಒಂದು ಅಕ್ಷರವೋ ಎರಡೋ? ಒತ್ತು ಬೇರೆ ಅಂತ ಅವನು, ವ್ಯಾಕರಣದ ಪ್ರಕಾರ ಒಂದೇ ಅಕ್ಷರ ಅಂತ ಮೇಷ್ಟ್ರು. ನಲವತ್ತು ವರ್ಷ ಕನ್ನಡ ಪಾಠ ಮಾಡಿದವರ ಜೊತೆ ಅವನು ಎಷ್ಟು ಹೊತ್ತು ವಾದಿಸಿಯಾನು? ಒತ್ತು ಪುಕ್ಕಟೆ, ಚುಕ್ಕಿಗೂ ಗೆರೆಗೂ ಕಾಸಿಲ್ಲ ಅಂತ ಮುಗಿಯಿತು. ಚಿನ್ನದ ಬಣ್ಣ ತುಂಬುತ್ತೇನೆ ಅಂದ, ನಾವು ಬೇಡ ಅಂದೆವು. ಮರಳು ತಾಗಿದ ಕರಿಕಲ್ಲು ಬೂದು ಬಿಳುಪಾಗಿ ತಾನೇ ಕಾಣುತ್ತದೆ. ಬಣ್ಣ ಎರಡು ಮಳೆಗಾಲಕ್ಕೆ ಸುಲಿಯುತ್ತದೆ.

ಕಲ್ಲು ಸಿದ್ಧವಾಗುವ ಹೊತ್ತಿಗೆ ಸರಿಯಾಗಿ 2024ರ ಮಾರ್ಚ್ 16ರಂದು ಲೋಕಸಭಾ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂತು. ನಮ್ಮಲ್ಲಿ ಮತದಾನ ಏಪ್ರಿಲ್ 26, ಎಣಿಕೆ ಜೂನ್ 4. ಎಂಎಲ್‌ಎ ಎಂಪಿಗಳ ಹೆಸರಿರುವ ಬಸ್ ತಂಗುದಾಣ, ಶಂಕುಸ್ಥಾಪನೆಯ ಕಲ್ಲು, ಎಲ್ಲಕ್ಕೂ ಪೇಪರ್ ಅಂಟಿಸುತ್ತಾ ಬಂದರು. ನಮ್ಮವರು ಬದುಕಿಲ್ಲ, ಯಾವ ಪಕ್ಷದ ಹೆಸರೂ ಕಲ್ಲಿನ ಮೇಲಿಲ್ಲ, ದುಡ್ಡೂ ಸರ್ಕಾರದ್ದಲ್ಲ ಅಂತ ನಾನು ಶುರು ಮಾಡಿದೆ. ಪಿಡಿಒ ಕೈ ಮುಗಿದು, ‘ಮೇಡಂ, ಜಾಗ ಪಂಚಾಯಿತಿಯದ್ದು. ಯಾರಾದ್ರೂ ಒಂದು ಫೋಟೊ ತೆಗೆದು ಹಾಕಿದ್ರೆ ಉತ್ತರ ಬರೆಯೋನು ನಾನು’ ಅಂದರು. ಎರಡು ತಿಂಗಳು ಮೀರಿ ಕಲ್ಲು ಕೆತ್ತನೆಯವನ ಶೆಡ್ಡಿನಲ್ಲಿ ಗೋಣಿಚೀಲ ಹೊದ್ದು ಗೋಡೆಗೆ ಒರಗಿತ್ತು. ಅಕ್ಕಪಕ್ಕ ಮಾತ್ರ ಮಾರಾಟದ ಸಮಾಧಿ ಕಲ್ಲುಗಳು.

ಈ ನಡುವೆ ದುಡ್ಡಿನ ಲೆಕ್ಕ ಮುಗಿಸಿಕೊಂಡೆವು. ಹೆಚ್ಚು ಕೊಟ್ಟವರೊಬ್ಬರು ತಮ್ಮ ತಂದೆಯ ಹೆಸರು ಕೆಳಗೆ ಸಣ್ಣದಾಗಿ ಬರಲಿ ಅಂದರು. ಸಣ್ಣದಾಗಿ ಒಂದು ಬಂದರೆ ಹತ್ತು ಬರುತ್ತದೆ. ಆಗ ಮೇಷ್ಟ್ರು ಕೆರೆ ಏರಿಯ ಹತ್ತಿರ ಇರುವ ಹಳೆಯ ಶಾಸನದ ಕಲ್ಲನ್ನು ನೆನಪಿಸಿದರು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಅನ್ನುವ ಶಾಸನಗಳ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಕಲ್ಲುಗಳದ್ದೇ ಎಷ್ಟೋ ಬರಹ ಇದೆ. ಅವುಗಳಲ್ಲಿ ದಾನ ಕೊಟ್ಟವನ ಹೆಸರು ಇದ್ದೇ ಇರುತ್ತದೆ ಮೇಷ್ಟ್ರೇ ಅಂತ ತಂದೆಯ ಹೆಸರು ಕೇಳಿದವರು ತಿರುಗಿ ಉತ್ತರ ಕೊಟ್ಟರು. ಮೇಷ್ಟ್ರಿಗೆ ಮಾತು ಹೊರಡಲಿಲ್ಲ. ಕೊನೆಗೆ, ಕೊಟ್ಟವರ ಪಟ್ಟಿಯನ್ನು ಚೌಕಟ್ಟು ಹಾಕಿಸಿ ಲೈಬ್ರರಿ ಒಳಗೆ ನೇತುಹಾಕುವುದು ಅಂತ ರಾಜಿ ಆಯಿತು. ಕಲ್ಲನ್ನು ಕಿತ್ತವರಿಗೆ ಶಾಪ ಹಾಕುವ ಸಾಲನ್ನೂ ಸೇರಿಸಿ ಅಂತ ಹುಡುಗರು ತಮಾಷೆ ಮಾಡಿದರು, ಗಂಗೆಯ ತಡಿಯಲ್ಲಿ ಕಪಿಲೆಯ ಕೊಂದ ಪಾಪ ಇತ್ಯಾದಿ. ಹೆದ್ದಾರಿ ಅಗಲ ಮಾಡುವವರಿಗೆ ಆ ಪಾಪ ತಟ್ಟುವುದಾದರೆ ಸೇರಿಸಬಹುದಿತ್ತು.

ನಿಲ್ಲಿಸಿದ್ದು ಶ್ರಾವಣದಲ್ಲಿ, ಒಂದು ಭಾನುವಾರ. ಮಂತ್ರಿ, ಶಾಸಕ, ಹಾರ, ಮೈಕು ಯಾವುದೂ ಇಲ್ಲ. ಕರೆದರೆ ಯಾರನ್ನು ಕರೆಯುವುದು, ಯಾರನ್ನು ಬಿಡುವುದು ಅನ್ನುವ ಇನ್ನೊಂದು ಪುರಾಣ ಶುರುವಾಗುತ್ತಿತ್ತು. ಮೂರಡಿ ಗುಂಡಿ ತೆಗೆದು, ಜಲ್ಲಿ ಕಾಂಕ್ರೀಟು ಹಾಕಿ, ಕಲ್ಲಿನ ಮೂರನೇ ಒಂದು ಭಾಗ ಒಳಗೆ ಹೋಗುವ ಹಾಗೆ ಇಳಿಸಿದರು. ತೂಕಕ್ಕೆ ಟ್ರ್ಯಾಕ್ಟರಿನ ಹಿಂದಿನ ಹುಕ್ಕಿಗೆ ಬೆಲ್ಟ್ ಹಾಕಿ ಎತ್ತಬೇಕಾಯಿತು. ಮಟ್ಟಗೋಲು ಇಟ್ಟು ನೋಡಿದರೆ ಎಡಕ್ಕೆ ಚೂರು ವಾಲಿತ್ತು, ನೀರುಗಂಟಿ ಸಬ್ಬಲ್ಲು ಕೊಟ್ಟು ಸರಿ ಮಾಡಿದ. ಬಂದವರಿಗೆಲ್ಲ ಎದುರಿನ ಅಂಗಡಿಯಿಂದ ಟೀ.

ಮೊದಲ ವಾರವೇ ವಯನಾಡಿಗೆ ಹೋಗುತ್ತಿದ್ದ ಕಾರಿನವರು ಟೀ ಕುಡಿಯುತ್ತಾ ಇದೇನು ಅಂತ ಕೇಳಿದರು, ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಅಂಗಡಿಯವನು ಸರಾಗವಾಗಿ ‘ಇಂಡಿಯಾದ ಫಸ್ಟ್ ಲೇಡಿ ಸ್ಪೀಕರ್’ ಅಂದುಬಿಟ್ಟ. ನಾನು ಲೈಬ್ರರಿ ಬಾಗಿಲಿಂದಲೇ ‘ಕರ್ನಾಟಕದ’ ಅಂತ ಕೂಗಿದೆ.

ಹೋದ ತಿಂಗಳು ಪಕ್ಕದ ಊರಿನವರು ನಾಲ್ಕು ಜನ ಬಂದಿದ್ದರು. ಸುತ್ತ ತಿರುಗಿ ಕಲ್ಲು ನೋಡಿ, ಮೂರನೇ ಸಾಲಿನ ಇಸವಿಗಳ ಮೇಲೆ ಬೆರಳಾಡಿಸಿ, ‘ಎಪ್ಪತ್ತೆಂಟರಲ್ಲಿ ಗೆದ್ದೋರಿಗೂ ಒಂದು ನಿಲ್ಸಬೇಕು ಅಂತಿದ್ದೀವಿ ಅಕ್ಕ, ನಮ್ಮೂರಲ್ಲಿ’ ಅಂದರು. ಮೇಷ್ಟ್ರು ಪೇಪರ್ ಮಡಚಿಟ್ಟು, ಧಾರಾಳವಾಗಿ ನಿಲ್ಲಿಸಿ, ಬರಹ ತನ್ನಿ, ಏಳು ಸಾಲು ಮೀರಬಾರದು, ಪ್ರತಿ ಸಾಲಿಗೂ ಕಾಗದ ಬೇಕು ಅಂದರು. ಅವರು ಜಾಗ ಹೆದ್ದಾರಿ ಪಕ್ಕ ನೋಡಿಟ್ಟಿದ್ದಾರಂತೆ. 2013ರ ಆದೇಶದ ಪ್ರತಿ ಒಂದು ಜೆರಾಕ್ಸ್ ಮಾಡಿಸಿ ಕೊಟ್ಟೆ, ಕೆತ್ತನೆಯವನ ಅಂಗಡಿ ಎಲ್ಲಿ ಅಂತ ಹಿಂದೆ ಬರೆದುಕೊಟ್ಟೆ. ಬರಹ ಯೂನಿಕೋಡಿನಲ್ಲಿ ಇರಲಿ ಅಂತಲೂ.